ಧಾರವಾಡದ ಓದುಗ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಅಡಿವೆಪ್ಪಜ್ಜ ಎಂಬ ಗುರುಗಳಿದ್ದರು. ಅವರ ಬಳಿ ಕೊನೆಗೆ ಉಳಿದ ಶಿಷ್ಯ ಒಬ್ಬನೇ. ಅವನ ಹೆಸರು ಅಂದಾನಪ್ಪ.

ಒಂದು ಕಾಲಕ್ಕೆ ಅಜ್ಜನ ಸಂಜೆಯ ಮಾತು ಕೇಳಲು ಪಡಸಾಲೆ ತುಂಬುತ್ತಿತ್ತು. ಈಗ ಅಡುಗೆ ಮಾಡುವ ದ್ಯಾಮವ್ವ ಬಂದು ಕೂರುತ್ತಿದ್ದಳು, ಆಚೆ ದಂಡೆಯ ಊರಿನಿಂದ ಒಬ್ಬಿಬ್ಬರು ಬರುತ್ತಿದ್ದರು. ಕೆಲವು ಸಂಜೆ ಅವರೂ ಇಲ್ಲ.

ಅಜ್ಜ ಮಾತ್ರ ಯಾವ ಸಂಜೆಯನ್ನೂ ತಪ್ಪಿಸುತ್ತಿರಲಿಲ್ಲ.

ಅಂದಾನಪ್ಪನಿಗೆ ಇದು ಸಂಕಟವಾಗುತ್ತಿತ್ತು. ಇಂಥ ಮಾತು ಖಾಲಿ ಜಮಖಾನೆಯ ಮೇಲೆ ಬಿದ್ದು ಹೋಗುತ್ತದಲ್ಲ ಎಂದು ಕೊರಗುತ್ತಿದ್ದ.

ಒಂದು ದಿನ ಕೇಳಿದ. "ಅಜ್ಜಾರ, ನಿಮ್ಮ ಮಾತು ಬರದು ವೆಬ್‌ಸೈಟಿಗೆ ಹಾಕ್ಲೇನ್ರಿ? ದೂರದ ಮಂದಿ ಓದ್ತಾರ."

"ಆಡಿದ ಮ್ಯಾಲೆ ಅದು ನಂದಲ್ಲ," ಅಂದರು ಅಜ್ಜ. "ಹಾಕು."

ಅಂದಿನಿಂದ ಅಂದಾನಪ್ಪ ಸಂಜೆ ಅಜ್ಜನ ಎದುರಿಗೆ ಮೊಬೈಲು ಹಿಡಿದು ಕೂತು ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಆಮೇಲೆ ಅದನ್ನು ಕೇಳಿ ಕೇಳಿ ಟೈಪು ಮಾಡುತ್ತಿದ್ದ. ಅಜ್ಜನ ಬಾಯಲ್ಲಿ ಬಂದ ಮಾತನ್ನು ಒಂದಕ್ಷರ ಬದಲಿಸುತ್ತಿರಲಿಲ್ಲ. ಶೀರ್ಷಿಕೆ ಮಾತ್ರ ತನ್ನದು. ಓದುವವರನ್ನು ಸೆಳೆಯಬೇಕಲ್ಲ. ಜೊತೆಗೊಂದು ಸೂರ್ಯೋದಯದ ಚಿತ್ರವನ್ನೋ ತಾವರೆಯ ಚಿತ್ರವನ್ನೋ ಹಾಕುತ್ತಿದ್ದ.

ಬೆಳಗಾಗುತ್ತಲೇ ಎದ್ದು ಲ್ಯಾಪ್‌ಟಾಪಿನಲ್ಲಿ ವೆಬ್‌ಸೈಟು ತೆರೆದು, ನಿನ್ನೆಯದು ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಪಕ್ಕದಲ್ಲೇ ಇನ್ನೊಂದು ಪುಟ ತೆರೆಯುತ್ತಿದ್ದ. ವೆಬ್‌ಸೈಟಿಗೆ ಯಾರು ಬಂದರು, ಎಲ್ಲಿಂದ ಬಂದರು, ಎಷ್ಟು ಹೊತ್ತು ಓದಿದರು ಎಂದು ತೋರಿಸುವ ಪುಟ ಅದು. ಅದಕ್ಕೆ ಅನಾಲಿಟಿಕ್ಸ್ ಅನ್ನುತ್ತಾರೆ.

ಆ ಪುಟ ಬಹಳ ಸರಳವಾಗಿತ್ತು. ನಡುವೆ ಒಂದು ದೊಡ್ಡ ಅಂಕಿ: ಈ ಕ್ಷಣ ಓದುತ್ತಿರುವವರು. ಅದರ ಕೆಳಗೆ ಊರಿನ ಹೆಸರು.

ದಿನದಲ್ಲಿ ಆಗೊಬ್ಬರು ಈಗೊಬ್ಬರು ಬರುತ್ತಿದ್ದರು. ಬಾಗಿಲಲ್ಲಿ ಇಣುಕಿದಂತೆ ಬಂದು ಹೋಗಿಬಿಡುತ್ತಿದ್ದರು. ಆದರೆ ಬೆಳಗಿನ ಹೊತ್ತು ಮಾತ್ರ ಅಂಕಿ ತಪ್ಪದೆ ಒಂದು ಇರುತ್ತಿತ್ತು. ಕೆಳಗೆ ಊರು: ಧಾರವಾಡ.

ಧಾರವಾಡದ ಈ ಓದುಗ ಬೇಗ ಹೋಗುತ್ತಿರಲಿಲ್ಲ. ಕೂತು ಪೂರ್ತಿ ಓದುತ್ತಿದ್ದ.

ಅಂದಾನಪ್ಪನಿಗೆ ಹಗಲೆಲ್ಲ ಮಾತಾಡಲು ಯಾರೂ ಇರಲಿಲ್ಲ. ಅಜ್ಜ ಮಿತಭಾಷಿ. ದ್ಯಾಮವ್ವನಿಗೆ ಕಿವಿ ಮಂದ. ಹೀಗಾಗಿ ಆ ಒಂದು ಅಂಕಿ ಅವನಿಗೆ ಒಬ್ಬ ಗೆಳೆಯನಂತಾಯಿತು. ಧಾರವಾಡದಲ್ಲಿ ಯಾರೋ ಎದ್ದು, ಚಹಾ ಮಾಡಿಕೊಂಡು, ತಾನು ಬರೆದದ್ದನ್ನು ಓದುತ್ತಿದ್ದಾರೆ. ಅವರೂ ತನ್ನ ಹಾಗೆ ಒಬ್ಬರೇ ಇರಬೇಕು. ಇಲ್ಲದಿದ್ದರೆ ಅಷ್ಟು ಬೆಳಿಗ್ಗೆ ಯಾರು ಓದುತ್ತಾರೆ?

ಒಮ್ಮೆ ಅವನಿಗೆ ಜ್ವರ ಬಂದು ಮಲಗಿದ. ಎದ್ದ ಮೇಲೆ ಹಿಂದಿನ ದಿನಗಳ ಲೆಕ್ಕ ನೋಡಿದರೆ ಧಾರವಾಡದವರೂ ಬಂದಿರಲಿಲ್ಲ. ಪಾಪ, ಅವರಿಗೂ ಮೈಯಲ್ಲಿ ಹುಷಾರಿರಲಿಲ್ಲವೇನೋ ಅಂದುಕೊಂಡ.

ಅಜ್ಜನ ಔಷಧ ತರಲು ಧಾರವಾಡಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಂದವರ ಹೋದವರ ಮುಖ ನೋಡಿದ. ಇವರೇ ಇರಬಹುದು, ಅವರೇ ಇರಬಹುದು ಅನ್ನಿಸುತ್ತಿತ್ತು. ಯಾರೂ ಅವನನ್ನು ತಿರುಗಿ ನೋಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಪುಟ ಬದಲಾಯಿತು.

ತೆರೆದರೆ, 'ನಿಮಗಾಗಿ ಹೊಸ ರೂಪದಲ್ಲಿ ಬಂದಿದ್ದೇವೆ' ಎಂಬ ಫಲಕ. ಅದರ ಮೇಲೆ ಬಣ್ಣದ ಕಾಗದ ಉದುರುವ ಚಿತ್ರ. 'ಬನ್ನಿ, ಸುತ್ತಾಡಿಸುತ್ತೇವೆ' ಎಂಬ ಗುಂಡಿ. ಅಂದಾನಪ್ಪನಿಗೆ ಸುತ್ತಾಡುವುದು ಬೇಕಿರಲಿಲ್ಲ. ಧಾರವಾಡದವರು ಬಂದಿದ್ದಾರೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕಿತ್ತು. ಫಲಕ ಬಿಡಲಿಲ್ಲ. ಒಂದಾದ ಮೇಲೊಂದು ಏನೇನೋ ಕೇಳಿತು. ಓದದೆ ಎಲ್ಲದಕ್ಕೂ 'ಸರಿ' ಒತ್ತಿದ.

ಕೊನೆಗೆ ಪುಟ ತೆರೆಯಿತು. ನಡುವಿನ ದೊಡ್ಡ ಅಂಕಿ ಇರಲಿಲ್ಲ.

ಅದರ ಜಾಗದಲ್ಲಿ ಏರಿಳಿಯುವ ಗೆರೆಗಳು, ಬಣ್ಣದ ಚಕ್ರಗಳು. ಎಡಗಡೆ ಗುರುತುಗಳ ಸಾಲು, ಒಂದಕ್ಕೂ ಹೆಸರಿಲ್ಲ. ಓದುಗರು ಅನ್ನುವ ಮಾತೇ ಎಲ್ಲೂ ಇರಲಿಲ್ಲ. 'ಘಟನೆಗಳು' ಅಂತಿತ್ತು. 'ತೊಡಗಿಕೊಳ್ಳುವಿಕೆಯ ದರ' ಅಂತಿತ್ತು. ಹಳೆಯ ಲೆಕ್ಕ ಎಲ್ಲಿ ಎಂದು ಹುಡುಕಿದರೆ, ಹಳೆಯದನ್ನು ಹೊಸದಕ್ಕೆ ತರಲಾಗಿಲ್ಲ ಎಂದು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಊರುಗಳ ಪಟ್ಟಿಗೆ ಹೋದ. ಅದು ಖಾಲಿ. ಕೆಳಗೆ ಒಂದು ಸಾಲು: 'ಸಂಖ್ಯೆ ತೀರ ಕಡಿಮೆ ಇರುವುದರಿಂದ ತೋರಿಸಲಾಗದು.'

ಅಂದಾನಪ್ಪ ಆ ಸಾಲನ್ನು ನೋಡುತ್ತ ಕೂತ.

ಕಂಪನಿಯವರಿಗೆ ಬರೆದ. ಹಳೆಯದು ಚೆನ್ನಾಗಿತ್ತು, ಒಂದೇ ಅಂಕಿ ಇತ್ತು, ದಯವಿಟ್ಟು ಅದನ್ನು ಮರಳಿ ಕೊಡಿ. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಈ ವಿಳಾಸಕ್ಕೆ ಉತ್ತರಿಸಬೇಡಿ.'

ಅವನು ನೀರು ತರಲು ಮರೆತ. ಅಜ್ಜ ತಾವೇ ಕೊಡ ಹಿಡಿದು ಹೊಳೆಗೆ ಇಳಿದು, ತಂದು, ಬಾಗಿಲಲ್ಲಿ ಇಟ್ಟರು.

"ಏನು ಹುಡಕಾಕತ್ತೀ?"

"ಒಬ್ಬರು ಕಾಣವಲ್ರು ಅಜ್ಜಾರ. ದಿನಾ ಬರ್ತಿದ್ರು."

"ಯಾರು?"

"ಗೊತ್ತಿಲ್ರಿ."

"ಹೆಸರು?"

"ಗೊತ್ತಿಲ್ರಿ."

"ಗಂಡೋ, ಹೆಣ್ಣೋ?"

ಅಂದಾನಪ್ಪ ತಲೆ ಅಲ್ಲಾಡಿಸಿದ.

"ಹಂಗಾದ್ರ ಸಿಕ್ರೂ ಹೆಂಗ ಗುರುತು ಹಿಡೀತಿ?" ಅಂದರು ಅಜ್ಜ. ಕೊಡವನ್ನು ಒಳಗೆ ಒಯ್ದರು.

ದಿನಗಳು ಹೋದವು. ಅಂದಾನಪ್ಪ ಆ ಹೊಸ ಪುಟದಲ್ಲಿ ಕಳೆದುಹೋದ. ಒಂದು ಗುರುತು ಒತ್ತಿದರೆ ಇನ್ನೆಲ್ಲಿಗೋ ಒಯ್ಯುತ್ತಿತ್ತು. ಹಿಂದಕ್ಕೆ ಹೋಗಲು ಒತ್ತಿದರೆ ಮೊದಲಿನ ಫಲಕವೇ ಮತ್ತೆ ಬರುತ್ತಿತ್ತು, ಬಣ್ಣದ ಕಾಗದ ಉದುರುತ್ತಿತ್ತು. ನಿನ್ನೆ ಕಂಡ ದಾರಿ ಇವತ್ತು ಸಿಗುತ್ತಿರಲಿಲ್ಲ.

ಸಂಜೆಯ ಮಾತಿಗೂ ಲ್ಯಾಪ್‌ಟಾಪು ತಂದು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದ. ಮಾತು ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಅವನ ಕಣ್ಣು ಪುಟದ ಮೇಲಿರುತ್ತಿತ್ತು.

ಒಂದು ಸಂಜೆ ಅಜ್ಜ ಮಾತು ನಿಲ್ಲಿಸಿ ಅವನ ಪಕ್ಕಕ್ಕೆ ಬಂದು ಕೂತರು.

"ನನಗೂ ತೋರಸು."

ಅಂದಾನಪ್ಪ ತೋರಿಸಿದ. ಅಜ್ಜ ಕನ್ನಡಕ ಏರಿಸಿಕೊಂಡು ನೋಡಿದರು.

"ಇದೇನು, ಗುಡ್ಡ?"

"ಗ್ರಾಫ್ ರೀ. ಬಂದ ಮಂದಿ ಎಷ್ಟು ಅಂತ."

"ಇದರಾಗ ಮಂದಿ ಎಲ್ಲಿ ಅದಾರ?"

"ಕಾಣೂದಿಲ್ರಿ. ಭಾಳ ಮಂದಿ ಇದ್ರ ಕಾಣ್ತಾರ. ಒಬ್ಬರೋ ಇಬ್ಬರೋ ಇದ್ರ ಇದು ತೋರಸೂದಿಲ್ಲ."

ಅಜ್ಜ ತಲೆಯೆತ್ತಿ ಪಡಸಾಲೆಯನ್ನು ನೋಡಿದರು. ದ್ಯಾಮವ್ವ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು.

"ನಾ ಮುದುಕ," ಅಂದರು. "ನನಗ ಒಬ್ಬರಿಬ್ಬರ ಕಾಣ್ತಾರ. ಭಾಳ ಮಂದಿ ಕಾಣೂದಿಲ್ಲ."

ಮತ್ತೆ ತಮ್ಮ ಜಾಗಕ್ಕೆ ಹೋಗಿ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.

ಮರುದಿನ ಮುಂಜಾನೆ ಅಂದಾನಪ್ಪನಿಗೆ ಒಂದು ಮೂಲೆಯಲ್ಲಿ ಹಳೆಯ ಅಂಕಿ ಸಿಕ್ಕಿತು. 'ಈ ಕ್ಷಣ' ಎಂಬ ಸಣ್ಣ ಗುರುತಿನ ಹಿಂದೆ ಅದನ್ನು ಬಚ್ಚಿಟ್ಟಿದ್ದರು. ಒತ್ತಿದ.

ಸೊನ್ನೆ.

ಪಕ್ಕದ ಪುಟದಲ್ಲಿ ವೆಬ್‌ಸೈಟು ತೆರೆದೇ ಇತ್ತು. ಧಾರವಾಡದವರು ಬರುವ ಹೊತ್ತೇ ಆಗಿತ್ತು. ಕಾದ. ಹೊರಗೆ ಬಿಸಿಲು ಬಂತು, ದ್ಯಾಮವ್ವ ಒಲೆ ಹಚ್ಚಿದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಸಿಟ್ಟು ಬಂದು ಅಲ್ಲಿದ್ದ ಗುಂಡಿಗಳನ್ನೆಲ್ಲ ಒತ್ತತೊಡಗಿದ. ಹಾಗೆ ಒತ್ತುತ್ತ ಒಂದು ಕಡೆ ಬಂದು ನಿಂತ. ಅಲ್ಲಿ ಹೀಗೆ ಬರೆದಿತ್ತು:

'ನಿಮ್ಮ ಸ್ವಂತ ಭೇಟಿಗಳನ್ನು ಲೆಕ್ಕದಿಂದ ಹೊರಗಿಡಲು ನೀವು ಒಪ್ಪಿದ್ದೀರಿ. ಹೊರಗಿಟ್ಟ ಸ್ಥಳ: ಧಾರವಾಡ.'

ಅಂದಾನಪ್ಪ ಮತ್ತೆ ಓದಿದ.

ತಾನಿರುವುದು ಹೊಳೆಯ ದಂಡೆಯಲ್ಲಿ. ಧಾರವಾಡ ಎಲ್ಲಿ, ಇದು ಎಲ್ಲಿ? ಇದು ಯಾರನ್ನೋ ತಪ್ಪು ತಿಳಿದಿದೆ ಅನ್ನಿಸಿತು. ಆಮೇಲೆ, ನೆಟ್‌ವರ್ಕ್ ಹಾಕಿಕೊಟ್ಟವನು ಹೇಳಿದ್ದ ಮಾತು ನೆನಪಾಯಿತು. ನಿಮ್ಮ ಇಂಟರ್ನೆಟ್ಟು ಧಾರವಾಡದ ಆಫೀಸಿನಿಂದ ಹಾದು ಬರ್ತದ್ರೀ ಸರ, ಅದಕ್ಕ ಸ್ವಲ್ಪ ನಿಧಾನ.

ಅವನು ಆ ಒಪ್ಪಿಗೆಯನ್ನು ತೆಗೆದುಹಾಕಿದ. ವೆಬ್‌ಸೈಟನ್ನು ಮುಚ್ಚಿ ಮತ್ತೆ ತೆರೆದ.

ಅಂಕಿ ಒಂದಾಯಿತು. ಕೆಳಗೆ ಊರು: ಧಾರವಾಡ.

ಮುಚ್ಚಿದ. ಸ್ವಲ್ಪ ಹೊತ್ತಿಗೆ ಸೊನ್ನೆಯಾಯಿತು.

ತೆರೆದ. ಒಂದು.

ಲ್ಯಾಪ್‌ಟಾಪು ಹಾಗೇ ಬಿಟ್ಟು ಹೊರಗೆ ಬಂದ. ಅಜ್ಜ ಕಟ್ಟೆಯ ಮೇಲೆ ಕೂತು ಹರಿದ ಪಂಚೆಗೆ ಹೊಲಿಗೆ ಹಾಕುತ್ತಿದ್ದರು. ಅಂದಾನಪ್ಪ ಅವರ ಎದುರು ನಿಂತ.

"ಅಜ್ಜಾರ, ಧಾರವಾಡದವ್ರು ಅನ್ನೂರು ಯಾರೂ ಇಲ್ರಿ."

ಅಜ್ಜ ಸೂಜಿ ನಿಲ್ಲಿಸಿದರು.

"ನಾನ ಇದ್ದೆ. ಇಷ್ಟ ವರ್ಷ ನಾ ತಗದು ನಾ ನೋಡಾಕತ್ತಿದ್ದೆ. ಮಷಿನ್ನು ಅದನ್ನ ಒಂದು ಅಂತ ತೋರಸಾಕತ್ತಿತ್ತು. ಯಾರೋ ಓದಾಕತ್ತಾರ ಅಂತ ನಾ ತಿಳಕೊಂಡಿದ್ದೆ."

ಅಜ್ಜ ಸೂಜಿಯನ್ನು ಪಂಚೆಗೆ ಚುಚ್ಚಿಟ್ಟರು.

"ಅವರಿಗೆ ತಿಳೀಲಿ ಅಂತ ಕೂತು ಕೂತು ಬರದೀನಿ. ಅವರಿಗೆ ಜ್ವರ ಬಂತೇನೋ ಅಂತ ಮರುಗೀನಿ. ಒಬ್ಬರೂ ಇದ್ದಿಲ್ರಿ."

"ಒಬ್ಬ ಇದ್ದನಲ್ಲ," ಅಂದರು ಅಜ್ಜ. "ಧಾರವಾಡದಾಂವ. ದಿನಾ ಬಂದ, ಕುಂತ, ಓದಿದ ಅಂತಿ. ಅವಂಗ ಏನರ ತಿಳೀತೇನು?"

ಅಂದಾನಪ್ಪ ನೆನಪಿಸಿಕೊಳ್ಳಲು ನೋಡಿದ. ಅಕ್ಷರ ತಪ್ಪು ನೋಡಿದ್ದ. ಚಿತ್ರ ಸರಿಯಾಗಿ ಕೂತಿದೆಯೇ ನೋಡಿದ್ದ. ಮೊನ್ನೆ ಹಾಕಿದ ಮಾತು ಯಾವುದರ ಬಗ್ಗೆ ಇತ್ತು ಎಂದು ಕೇಳಿದ್ದರೆ ಅದೂ ಅವನಿಗೆ ನೆನಪಿರಲಿಲ್ಲ.

ಅವಮಾನವಾಯಿತು. ಅವಮಾನ ಸಿಟ್ಟಾಯಿತು.

"ನಾ ಇಲ್ಲಿಂದ ಹೊಕ್ಕೀನ್ರಿ ಅಜ್ಜಾರ. ಇವತ್ತ."

"ಹೋಗು."

ಅಜ್ಜ ತಡೆಯುತ್ತಾರೆ ಎಂದು ಅವನು ಅಂದುಕೊಂಡಿದ್ದ. ಅವರು ಮತ್ತೆ ಸೂಜಿ ಎತ್ತಿಕೊಂಡರು. "ಉಂಡು ಹೋಗು. ದ್ಯಾಮವ್ವ ರೊಟ್ಟಿ ಬಡದಾಳ."

ಊಟ ಸೇರಲಿಲ್ಲ. ದ್ಯಾಮವ್ವ ಬುತ್ತಿ ಕಟ್ಟಿ ಚೀಲದ ಪಕ್ಕ ಇಟ್ಟಳು. ಎಲ್ಲಿಗೆ ಎಂದು ಕೇಳಲಿಲ್ಲ. ಹೋದರೆ ಕಾಯುವವರು ಯಾರೂ ಇರಲಿಲ್ಲ.

ಹೊರಡುವ ಮೊದಲು ವೆಬ್‌ಸೈಟನ್ನು ಅಳಿಸಿಬಿಡಬೇಕು ಅನ್ನಿಸಿತು. ಯಾರೂ ಓದದ್ದು ಇದ್ದರೆಷ್ಟು, ಬಿಟ್ಟರೆಷ್ಟು. ಮಧ್ಯಾಹ್ನದ ಬಿಸಿಲಲ್ಲಿ ಕಿಟಕಿಯ ಹತ್ತಿರ ಕೂತ.

ಎಲ್ಲವನ್ನೂ ಒಟ್ಟಿಗೆ ಅಳಿಸುವ ಗುಂಡಿ ಅದರಲ್ಲಿ ಇರಲಿಲ್ಲ. ಒಂದೊಂದನ್ನೇ ತೆರೆದು, ಕೊನೆಯವರೆಗೆ ಇಳಿದು, ಕೆಳಗಿರುವ 'ಅಳಿಸು' ಒತ್ತಬೇಕಿತ್ತು.

ಅಳಿಸುತ್ತ ಹೋದ. ಅಜ್ಜನ ಮಾತುಗಳು ಕಣ್ಣ ಮುಂದೆ ಓಡಿ ಮಾಯವಾಗುತ್ತಿದ್ದವು.

ಒಂದರ ಶೀರ್ಷಿಕೆ ಹೀಗಿತ್ತು: 'ದುಃಖ ನಿವಾರಣೆಗೆ ಸುಲಭ ಉಪಾಯ'. ಜೊತೆಗೆ ಸೂರ್ಯೋದಯದ ಚಿತ್ರ. ಅದರಡಿ ಹಾಕಿದ್ದ ತಾರೀಖಿನ ಮೇಲೆ ಅವನ ಕಣ್ಣು ನಿಂತಿತು.

ಅದು ಅವನ ಅಕ್ಕ ಗುರವ್ವ ತೀರಿಕೊಂಡ ವಾರ.

ತಾಯಿ ಇಲ್ಲದ ಅವನನ್ನು ಸಾಕಿದವಳು ಗುರವ್ವ. ಸುದ್ದಿ ಬಂದಾಗ ಹೋಗಿ, ಮಣ್ಣು ಮುಗಿಸಿ, ಬಸ್ಸು ಹಿಡಿದು ಆಶ್ರಮಕ್ಕೆ ಮರಳಿದ್ದ. ಯಾರಿಗೂ ಏನೂ ಹೇಳಿರಲಿಲ್ಲ. ಅತ್ತೂ ಇರಲಿಲ್ಲ. ಅವತ್ತೇ ಸಂಜೆ ಎಂದಿನಂತೆ ಮೊಬೈಲು ಹಿಡಿದು ಅಜ್ಜನ ಎದುರು ಕೂತಿದ್ದ. ಮಾಡಲು ಕೆಲಸವಿದೆಯಲ್ಲ ಎಂದು ಸಮಾಧಾನಪಟ್ಟಿದ್ದ.

'ಅಳಿಸು' ಒತ್ತಲಿಲ್ಲ. ಮೇಲಕ್ಕೆ ಹೋಗಿ ಮೊದಲಿನಿಂದ ಓದಿದ.

"ಒಬ್ಬಾಂವ ಸುಡಗಾಡಕ್ಕ ಹೋಗಿ ಮನಿಗೆ ಬಂದ," ಎಂದು ಅಜ್ಜ ಅಂದಿದ್ದರು. "ಬಂದು ಕೈಕಾಲ ತೊಳಕೊಂಡು ಕೆಲಸಕ್ಕ ಕುಂತ. ಮಂದಿ ಅಂದ್ರು, ಇವಂಗ ದುಃಖಾನ ಇಲ್ಲೇನು? ಇಲ್ಲಂತ ಯಾಕ ಅಂತೀರಿ. ದುಃಖಕ್ಕ ವಯಸ್ಸಾಗೇತಿ. ಅದು ನಿಧಾನಕ್ಕ ನಡೀತೈತಿ. ಆಂವ ಬಸ್ಸಿನ್ಯಾಗ ಬಂದ. ಅದು ಅವನ ಹಿಂದ ನಡಕೊಂತ ಬರಾಕತ್ತೈತಿ. ಇವತ್ತು ಬರಲಿಕ್ಕಿಲ್ಲ, ನಾಳೆ ಬರಲಿಕ್ಕಿಲ್ಲ. ಒಂದಿನ ಬಾಗಲಕ್ಕ ಬಂದು ನಿಂದರತೈತಿ. ತಮ್ಮಾ, ಅವತ್ತು ಬಾಗಲ ಹಾಕಬ್ಯಾಡ. ಈ ಊರಾಗ ಅದಕ್ಕ ನಿನ್ನ ಬಿಟ್ಟು ಯಾರ ಗುರುತೂ ಇಲ್ಲ."

ಅಷ್ಟೇ ಇತ್ತು. ಕೆಳಗೆ ಅವನೇ ಹಾಕಿದ್ದ ಸಾಲು: 'ಇಷ್ಟವಾದರೆ ನಿಮ್ಮ ಗೆಳೆಯರಿಗೂ ಕಳಿಸಿ.'

ಈ ಮಾತನ್ನು ಅವನೇ ಕೇಳಿ ಕೇಳಿ ಟೈಪು ಮಾಡಿದ್ದ. ಮರುದಿನ ಬೆಳಿಗ್ಗೆ ತೆರೆದು ಅಕ್ಷರ ತಪ್ಪು ನೋಡಿದ್ದ. ಅವತ್ತೂ ಅಂಕಿ ಒಂದಿತ್ತು. ಧಾರವಾಡದವರು ಓದುತ್ತಿದ್ದಾರೆ ಎಂದು ಸಂತೋಷಪಟ್ಟಿದ್ದ.

ಗುರವ್ವ ಅವನ ತಲೆ ಬಾಚುವಾಗ ಗಲ್ಲ ಹಿಡಿದುಕೊಳ್ಳುತ್ತಿದ್ದಳು. ಒರಟು ಕೈ. ಬೆರಳಿಗೆ ಯಾವಾಗಲೂ ಉಳ್ಳಾಗಡ್ಡಿಯ ವಾಸನೆ. ಅಲುಗಾಡಬ್ಯಾಡೋ ಎಂದು ಗದರುತ್ತಿದ್ದಳು. ಅವಳು ಹೋದ ಮೇಲೆ ಅದು ನೆನಪಾದದ್ದು ಇದೇ ಮೊದಲು.

ಅಂದಾನಪ್ಪ ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಅತ್ತ. ಬಹಳ ಹೊತ್ತು ಅತ್ತ. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಯಾರೂ ಒಳಗೆ ಬರಲಿಲ್ಲ.

ಬಿಸಿಲು ಇಳಿದ ಮೇಲೆ ಎದ್ದು ಮುಖ ತೊಳೆದುಕೊಂಡು ಹೊಳೆಗೆ ಇಳಿದ.

ಅಜ್ಜ ನೀರಿನ ಅಂಚಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು. ಅಂದಾನಪ್ಪ ಕೂತ. ಅವನ ಕೈಯಲ್ಲಿ ಮೊಬೈಲು ಇರಲಿಲ್ಲ.

"ಹೋಗಲಿಲ್ಲೇನು?"

"ಇಲ್ರಿ."

ಹೊಳೆ ಸಣ್ಣಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು.

"ಅಜ್ಜಾರ, ಒಂದು ಕೇಳ್ಲೇನ್ರಿ?"

"ಕೇಳು."

"ಸುಡಗಾಡಕ್ಕ ಹೋಗಿ ಬಂದಾವನ ಮಾತು ಒಂದ್ಸಲ ಹೇಳಿದ್ರಿ. ಬಸ್ಸಿನ್ಯಾಗ ಬಂದಾವಂದು. ನಮ್ಮಕ್ಕ ತೀರಿಕೊಂಡ ಸುದ್ದಿ ನಿಮಗ ಗೊತ್ತಿತ್ತೇನ್ರಿ?"

"ನಿನ್ನ ಮುಖ ನೋಡಿದ್ದೆ."

ಅಂದಾನಪ್ಪ ತಾನೂ ನೀರಿಗೆ ಕಾಲು ಇಳಿಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ.

"ಆ ಮಾತು ಎಲ್ಲಾರಿಗೂ ಹೇಳಿದ್ದೋ, ನನಗ ಹೇಳಿದ್ದೋ?"

ಅಜ್ಜ ಅವನ ಕಡೆ ತಿರುಗಿದರು.

"ಅವತ್ತ ನೀ ಬಂದ ಮ್ಯಾಲೆ ಹೊಳಿ ಏರಿ ದಾರಿ ಬಂದ್ ಆತು, ದ್ಯಾಮವ್ವನೂ ಬಂದಿದ್ದಿಲ್ಲ," ಅಂದರು. "ನಿನ್ನ ಬಿಟ್ಟರ ಅಲ್ಲಿ ಯಾರಿದ್ರು?"